ಬಲಗಡೆಯ ಕವಾಟಗಳ ಎಕೋ: ನಾನು ತಿದ್ದಿಕೊಂಡ ಬಗೆ

ರುಮ್ಯಾಟಿಕ್ ಜ್ವರದಿಂದ ಹಾಳಾದ ಮೈಟ್ರಲ್ ಕವಾಟವನ್ನು (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನದು) ವರ್ಷಗಳ ಹಿಂದೆಯೇ ಬದಲಿಸಿಕೊಂಡಿದ್ದ ಒಬ್ಬ ತಾಯಿ, ಕಾಲುಬಾವು ಮತ್ತು ಹೊಟ್ಟೆಯುಬ್ಬರವೆಂದು ನನ್ನಲ್ಲಿಗೆ ಎಕೋ ಪರೀಕ್ಷೆಗೆ, ಅಂದರೆ ಹೃದಯದ ಅಲ್ಟ್ರಾಸೌಂಡಿಗೆ, ಬಂದಿದ್ದರು. ಕೂಡಿಸಿದ ಕವಾಟ ಚೆನ್ನಾಗಿಯೇ ಇತ್ತು. ಬಲಗಡೆಯ ಎರಡು ಕೋಣೆಗಳ ನಡುವಿನ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ವೇಗ ಸೆಕೆಂಡಿಗೆ 2.2 ಮೀಟರ್ ಮಾತ್ರ ಇದ್ದುದರಿಂದಲೂ, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನಲ್ಲಿ ಹಲವು ಬಣ್ಣಗಳ ಸುಳಿ ಕಾಣದೆ ಹರಿವು ಒಂದೇ ನೀಲಿಯಾಗಿ ತೋರಿದ್ದರಿಂದಲೂ, ‘ಮಧ್ಯಮ ಸೋರಿಕೆ, ಶ್ವಾಸಕೋಶದ ಒತ್ತಡ ಸಹಜ’ ಎಂದು ಬರೆದುಕೊಟ್ಟೆ. ಮೂರು ತಿಂಗಳ ಮೇಲೆ ಅವರು ಮರಳಿ ಬಂದಾಗ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಆ ದಿನ ಪ್ರೋಬನ್ನು ಮೊದಲು ಪಕ್ಕೆಲುಬುಗಳ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿಟ್ಟೆ. ‘ಅಮ್ಮಾ, ಮೂಗಿನಿಂದ ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳಿ’ ಎಂದೆ. ಕೆಳದೇಹದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಅಭಿಧಮನಿ ಐವಿಸಿ 26 ಮಿಲಿಮೀಟರ್ ಅಗಲವಿತ್ತು, ಉಸಿರೆಳೆದಾಗ ಕುಗ್ಗಬೇಕಾದದ್ದು ಅಲುಗಲೇ ಇಲ್ಲ. ಯಕೃತ್ತಿನ ಅಭಿಧಮನಿಯಲ್ಲಿ ಡಾಪ್ಲರ್ ಇಟ್ಟು ನೋಡಿದರೆ, ಹೃದಯ ಸಂಕುಚಿಸಿದಾಗಲೆಲ್ಲ ರಕ್ತ ಹಿಂದಕ್ಕೆ, ಯಕೃತ್ತಿನ ಕಡೆಗೇ ನುಗ್ಗುತ್ತಿತ್ತು. ಕವಾಟದ ಎಸಳುಗಳು ಕೂಡಿಕೊಳ್ಳದಷ್ಟು ದೂರ ಸರಿದು, ಬಲ ಹೃತ್ಕರ್ಣ ಮತ್ತು ಹೃತ್ಕುಕ್ಷಿ ಹೆಚ್ಚುಕಡಿಮೆ ಒಂದೇ ಕೋಣೆಯಂತಾಗಿದ್ದವು. ಅವೆರಡರ ನಡುವೆ ಒತ್ತಡದ ವ್ಯತ್ಯಾಸವೇ ಹೆಚ್ಚು ಉಳಿಯದಿದ್ದಾಗ ವೇಗ ಎಲ್ಲಿಂದ ಬರಬೇಕು? ಇಂಥಲ್ಲಿ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿ ಶ್ವಾಸಕೋಶದ ಒತ್ತಡ ಹೇಳುವುದು ಸಲ್ಲದು. ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ತೀವ್ರ ಸೋರಿಕೆಯ ಗುರುತಾದ, ಬೇಗನೆ ತುದಿಮುಟ್ಟಿ ಇಳಿಯುವ ದಟ್ಟ ತ್ರಿಕೋನಾಕಾರದ ಅಲೆ ಅಲ್ಲಿಯೂ ಇತ್ತು, ನಾನು ಅದರ ತುದಿಯ ಅಂಕಿಯನ್ನಷ್ಟೇ ಓದಿದ್ದೆ. ರಿಪೋರ್ಟನ್ನು ತಿದ್ದಿ, ತಪ್ಪು ನನ್ನದೆಂದು ಅವರ ಮಗನಿಗೆ ತಿಳಿಸಿದೆ.

ಅಂದಿನಿಂದ ಬಲಗಡೆಯ ಪರೀಕ್ಷೆಯನ್ನು ಐವಿಸಿಯಿಂದಲೇ ಆರಂಭಿಸುತ್ತೇನೆ. ಸೋರಿಕೆಯ ಕತ್ತು (ಸೋರುವ ಹರಿವಿನ ಅತಿ ಕಿರಿದಾದ ಭಾಗ) 7 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ತೀವ್ರವೆಂದು ಬಗೆಯುತ್ತೇನೆ. ಕವಾಟದ ಉಂಗುರ 40 ಮಿಲಿಮೀಟರ್ ದಾಟಿದೆಯೇ, ಪೇಸ್‌ಮೇಕರ್ ತಂತಿ ಎಸಳೊಂದನ್ನು ಒತ್ತಿಹಿಡಿದಿದೆಯೇ ಎಂದು ಹುಡುಕುತ್ತೇನೆ. ಟ್ಯಾಪ್ಸಿ, ಅಂದರೆ ಬಡಿತಕ್ಕೊಮ್ಮೆ ಈ ಕವಾಟದ ಉಂಗುರ ಸರಿಯುವ ದೂರ, 17 ಮಿಲಿಮೀಟರಿಗಿಂತ ಹೆಚ್ಚಿದೆಯೆಂದ ಮಾತ್ರಕ್ಕೆ ಹೃತ್ಕುಕ್ಷಿ ಗಟ್ಟಿಯಾಗಿದೆ ಎಂದು ಈಗ ನಂಬುವುದಿಲ್ಲ, ಏಕೆಂದರೆ ತೀವ್ರ ಸೋರಿಕೆಯಲ್ಲಿ ಆ ಅಂಕಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ನೀರಿಳಿಸುವ ಮಾತ್ರೆಯ ಪ್ರಮಾಣವನ್ನೂ ಅಂದಿನ ತೂಕವನ್ನೂ ರಿಪೋರ್ಟಿನಲ್ಲಿ ಬರೆಯುತ್ತೇನೆ. ಮಾತ್ರೆ ಹೆಚ್ಚಿಸಿದ ವಾರದೊಳಗೆ ಇದೇ ಸೋರಿಕೆ ಒಂದು ಮೆಟ್ಟಿಲು ಇಳಿದಂತೆ ಕಂಡೀತು.

ರುಮ್ಯಾಟಿಕ್ ರೋಗಿಗಳಲ್ಲಿ ಟ್ರೈಕಸ್ಪಿಡ್ ಕವಾಟ ಕಿರಿದಾಗಿರುವುದು ಸುಲಭವಾಗಿ ಕಣ್ತಪ್ಪುತ್ತದೆ. ಮೈಟ್ರಲ್‌ನಲ್ಲಿ ಅಷ್ಟಾಗಿ ಹೆದರಿಸದ 5 ಮಿ.ಮೀ. ಪಾದರಸದ ಸರಾಸರಿ ಒತ್ತಡದ ಅಂತರ ಇಲ್ಲಿ ಗಂಭೀರ. ಉಸಿರಾಟದೊಂದಿಗೆ ಅದು ಏರಿಳಿಯುವುದರಿಂದ ಹಲವು ಬಡಿತಗಳ, ನಾಡಿ ತಾಳತಪ್ಪಿದ್ದರೆ ಕನಿಷ್ಠ ಐದು ಬಡಿತಗಳ ಸರಾಸರಿ ತೆಗೆಯುತ್ತೇನೆ.

ಬಾಲ್ಯದಲ್ಲಿ ಫ್ಯಾಲಟ್ ಎಂಬ ಹುಟ್ಟುಹೃದ್ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಯುವಕರಲ್ಲಿ, ಶ್ವಾಸಕೋಶದತ್ತ ರಕ್ತ ಬಿಡುವ ಪಲ್ಮನರಿ ಕವಾಟದಲ್ಲಿಯೂ ಇದೇ ಮೋಸ ಕಾದಿರುತ್ತದೆ. ಕವಾಟವೇ ಇಲ್ಲವೆಂಬಷ್ಟು ಸೋರುವಾಗ ಹರಿವು ಶಾಂತವಾಗಿದ್ದು, ಮುಂದಿನ ಬಡಿತಕ್ಕೆ ಮೊದಲೇ ನಿಂತುಬಿಡುತ್ತದೆ. ಅಲ್ಲಿ ನಾನು ಪ್ರೆಶರ್ ಹಾಫ್ ಟೈಮ್ (ಒತ್ತಡದ ಅಂತರ ಅರ್ಧಕ್ಕಿಳಿಯಲು ಹಿಡಿಯುವ ಸಮಯ) 100 ಮಿಲಿಸೆಕೆಂಡಿಗಿಂತ ಕಡಿಮೆಯೇ ಎಂದು ಅಳೆದು, ಶ್ವಾಸಕೋಶದ ಅಪಧಮನಿಯ ಕವಲುಗಳಿಂದಲೂ ರಕ್ತ ಹಿಂದಿರುಗುತ್ತಿದೆಯೇ ಎಂದು ನೋಡಿದ ನಂತರವೇ ಪ್ರೋಬ್ ಎತ್ತುತ್ತೇನೆ.