ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಲಸಿಕೆ: ಎಣಿಕೆ ಹುಟ್ಟಿದ ದಿನದಿಂದಲೇ

ಎಂಟನೇ ತಿಂಗಳಿಗೇ ಹುಟ್ಟಿ, ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ನವಜಾತ ಶಿಶು ಘಟಕದಲ್ಲಿದ್ದು ಮನೆಗೆ ಬಂದ ಕೂಸಿನ ತೂಕ 2 ಕಿಲೋ ಆಸುಪಾಸು ಇರುತ್ತದೆ. ಆ ಬೆರಳು ಗಾತ್ರದ ತೊಡೆಗೆ ಸೂಜಿ ಹಾಕಿಸಲು ಯಾವ ಅಜ್ಜಿಗೂ ಮನಸ್ಸು ಬರುವುದಿಲ್ಲ. 'ಇನ್ನೆರಡು ತಿಂಗಳು ತಡೀರಿ, ಮೈಕೈ ತುಂಬಿಕೊಳ್ಳಲಿ' ಎನ್ನುತ್ತಾರೆ. ಅಕ್ಕರೆಯ ಮಾತೇ ಸರಿ, ಆದರೆ ಅಪಾಯದ್ದು. ರೋಗ ತಡೆಯುವ ಶಕ್ತಿ ತಾಯಿಯಿಂದ ಮಗುವಿಗೆ ಹೆಚ್ಚಾಗಿ ಹರಿಯುವುದು ಬಸುರಿನ ಕೊನೆಯ ಎರಡು ಮೂರು ತಿಂಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ಪಾಲು ಪೂರ್ತಿ ಸಿಕ್ಕಿರುವುದಿಲ್ಲ. ನಾಯಿಕೆಮ್ಮು, ನ್ಯುಮೋನಿಯಾ ಬಂದರೆ ಮೊದಲು ಬಳಲುವುದು ಇದೇ ಮಗು.

ಮೊದಲ ಕೆಲಸ, ತಾಯಿ ಕಾರ್ಡಿನಲ್ಲಿ ಮಗು ಹುಟ್ಟಿದ ದಿನಾಂಕಕ್ಕೆ ಗುಂಡು ಸುತ್ತಿ. ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕವನ್ನು ಲಸಿಕೆಯ ಮಟ್ಟಿಗೆ ಮರೆತುಬಿಡಿ. ಮಗು 2026ರ ಜನವರಿ 10ಕ್ಕೆ ಹುಟ್ಟಿದೆ, ಹೆರಿಗೆ ಆಗಬೇಕಿದ್ದದ್ದು ಮಾರ್ಚ್ 7ಕ್ಕೆ ಎಂದುಕೊಳ್ಳಿ. ಮೊದಲ ಡೋಸಿನ 6 ವಾರ ತುಂಬುವುದು ಫೆಬ್ರುವರಿ 21ಕ್ಕೆ, ಎರಡನೆಯದರ 10 ವಾರ ಮಾರ್ಚ್ 21ಕ್ಕೆ, ಮೂರನೆಯದರ 14 ವಾರ ಏಪ್ರಿಲ್ 18ಕ್ಕೆ. ಹೆರಿಗೆ ದಿನಾಂಕದಿಂದ ಎಣಿಸಿದವರು ಮೂರನೇ ಡೋಸ್ ಹಾಕಿಸಬೇಕಾದ ಏಪ್ರಿಲ್ 18ಕ್ಕೆ ಮೊದಲನೆಯದನ್ನು ಹಾಕಿಸಲು ಹೊರಟಿರುತ್ತಾರೆ! 42 ದಿನ ತುಂಬುವ ಮೊದಲು ಮಾತ್ರ ಬೇಡ. ಊರಿನ ಲಸಿಕೆ ದಿನ ಗುರುವಾರವಾದರೆ 21ರ ನಂತರದ ಗುರುವಾರ ಹೋಗಿ, ಅಲ್ಲಿಂದ ಮುಂದೆ ಡೋಸಿಗೂ ಡೋಸಿಗೂ ಕನಿಷ್ಠ 4 ವಾರ ಬಿಡಿ.

ಹುಟ್ಟಿದಾಗ ಹಾಕುವುದು ಮೂರು: ಕ್ಷಯ ತಡೆಯುವ ಬಿಸಿಜಿ, ಪೋಲಿಯೋ ಹನಿ, ಯಕೃತ್ತಿನ ಸೋಂಕು ತಡೆಯುವ ಹೆಪಟೈಟಿಸ್ ಬಿ. ಮಗು ಘಟಕದಲ್ಲಿದ್ದರೆ ಬಿಸಿಜಿ ಮತ್ತು ಪೋಲಿಯೋ ಹನಿಯನ್ನು ಸಾಮಾನ್ಯವಾಗಿ ಮನೆಗೆ ಕಳಿಸುವಾಗ ಕೊಡುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಬರೆಸಿಕೊಳ್ಳದೆ ಬರಬೇಡಿ. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಮಗುವಿನ ತೂಕ ಎಷ್ಟೇ ಇರಲಿ, 12 ಗಂಟೆಯೊಳಗೆ ಲಸಿಕೆಯೂ ಇಮ್ಯುನೋಗ್ಲೋಬ್ಯುಲಿನ್ನೂ (ರೋಗ ತಡೆಯುವ ಸಿದ್ಧ ಶಕ್ತಿ ಕೊಡುವ ಸೂಜಿ) ಬೇರೆ ಬೇರೆ ತೊಡೆಗೆ ಆಗಬೇಕು. 2 ಕಿಲೋಗಿಂತ ಕಡಿಮೆ ಇದ್ದ ಮಗುವಿಗೆ ಹುಟ್ಟಿದಾಗ ಹಾಕಿದ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಆಮೇಲಿನ ಮೂರೂ ತಪ್ಪಬಾರದು. ಆ ಮೂರು, ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾದೊಳಗೇ ಇವೆ.

6ನೇ ವಾರಕ್ಕೆ ಎಡತೊಡೆಗೆ ಪೆಂಟಾ, ಬಲತೊಡೆಗೆ ಪಿಸಿವಿ (ನ್ಯುಮೋನಿಯಾಕ್ಕೆ), ಬಲತೋಳಿಗೆ ಐಪಿವಿ (ಪೋಲಿಯೋ ಸೂಜಿ), ಬಾಯಿಗೆ ಪೋಲಿಯೋ ಮತ್ತು ರೋಟಾ (ಭೇದಿಗೆ) ಹನಿ. ಮಗು ಸಣ್ಣದೆಂದು ಅರ್ಧ ಡೋಸ್ ಹಾಕುವುದು ತಪ್ಪು. ಪೆಂಟಾ 0.5 ಮಿಲಿ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ರಕ್ಷಣೆಯೂ ಅರೆಬರೆಯೇ. ಸೂಜಿ ಹಾಕುವಾಗ ಮಗುವನ್ನು ಎದೆಗೆ ಅವುಚಿಕೊಂಡು ಹಾಲು ಕುಡಿಸುತ್ತಿದ್ದರೆ ನೋವು ಕಡಿಮೆ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

6 ವಾರಕ್ಕೂ ಮಗು ಘಟಕದಲ್ಲೇ ಇದ್ದರೆ? ಸ್ಥಿರವಾಗಿದ್ದರೆ ಸೂಜಿಯ ಲಸಿಕೆಗಳನ್ನು ಅಲ್ಲೇ ಹಾಕಬಹುದು, ಕೇಳಿ. ಬಾಯಿಗೆ ಹಾಕುವ ಎರಡನ್ನು ಮನೆಗೆ ಹೊರಡುವಾಗ ಕೊಡುತ್ತಾರೆ. ಅವುಗಳಲ್ಲಿರುವ ಜೀವಂತ ವೈರಸ್ ಮಲದಲ್ಲಿ ಹೊರಬಂದು ಪಕ್ಕದ ಕೂಸುಗಳಿಗೆ ತಾಗಬಾರದೆಂಬ ಎಚ್ಚರ. ಬಸುರಿನ 28 ವಾರಕ್ಕೂ ಮೊದಲು ಹುಟ್ಟಿದ, ಹಿಂದೆ ಉಸಿರು ನಿಲ್ಲಿಸಿದ್ದ ಮಗುವಿಗೆ ಮೊದಲ ಸೂಜಿ ಆಸ್ಪತ್ರೆಯಲ್ಲೇ ಆಗಲಿ, ಎರಡು ಮೂರು ದಿನ ಕಣ್ಣಿಡಲಿ. ಮನೆಯಲ್ಲಿ ಮಗು 20 ಸೆಕೆಂಡ್ ಉಸಿರು ಹಿಡಿದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟು ಮಂಕಾದರೆ 108ಕ್ಕೆ ಕರೆ ಮಾಡಿ.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್‌ನಲ್ಲಿ ದೊಡ್ಡ ಎಡವಟ್ಟು ಆಗುವುದಿದೆ. ಡ್ರಾಪ್ಸ್‌ನ 1 ಮಿಲಿಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಿ, ಸಿರಪ್‌ನ 1 ಮಿಲಿಯಲ್ಲಿ ಸುಮಾರು 25. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಹೋಯಿತು. ಅಕ್ಕನ ಮಗುವಿಗೆ ಬರೆದುಕೊಟ್ಟಿದ್ದ ಬಾಟಲಿ ಮುಟ್ಟಬೇಡಿ. ಅಂದಿನ ತೂಕ ನೋಡಿ ಡಾಕ್ಟರು ಹೇಳಿದಷ್ಟೇ ಕೊಡಿ.

ಬಿಸಿಜಿ ಹಾಕಿದ ಎಡತೋಳಿನಲ್ಲಿ ಎರಡು ಮೂರು ವಾರಕ್ಕೆ ಸಾಸಿವೆಯಷ್ಟು ಗಂಟು ಏಳುತ್ತದೆ, ಒಡೆಯುತ್ತದೆ, ಪೊರೆ ಕಟ್ಟುತ್ತದೆ. ಅರಿಶಿನ, ಎಣ್ಣೆ, ಮುಲಾಮು ಯಾವುದೂ ಬೇಡ, ತಾನೇ ಒಣಗುತ್ತದೆ. ಕಲೆ ಉಳಿಯಲಿಲ್ಲವೆಂದು ಮತ್ತೆ ಹಾಕಿಸುವುದೂ ಬೇಡ.

ಬಾಣಂತನಕ್ಕೆ ಮಳವಳ್ಳಿಗೋ ಕೆ.ಆರ್. ಪೇಟೆಗೋ ತವರಿಗೆ ಹೋದರೂ ಕಾರ್ಡು ಜೊತೆಗಿರಲಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಎಲ್ಲಾದರೂ ಹಾಕುತ್ತಾರೆ, ದುಡ್ಡಿಲ್ಲ. ತವರಿನ ಆಶಾ ಕಾರ್ಯಕರ್ತೆಗೆ ಹೋದ ದಿನವೇ ತಿಳಿಸಿ. ಕೂರುವುದು, ನಿಲ್ಲುವುದು ತಡವಾಗುತ್ತಿದೆಯೇ ಎಂದು ನೋಡುವಾಗ ಮಾತ್ರ ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ವಯಸ್ಸು ಲೆಕ್ಕ ಹಾಕಿ. 9 ತಿಂಗಳ ದಡಾರ-ರುಬೆಲ್ಲಾ ಲಸಿಕೆಗೂ ಹುಟ್ಟಿದ ದಿನವೇ ಆಧಾರ. ಮಿದುಳು ಜ್ವರದ ಲಸಿಕೆ ಕೊಡುವ ಜಿಲ್ಲೆಗಳಲ್ಲಿ ಮಂಡ್ಯವೂ ಇದೆ. ಗದ್ದೆ ನೀರಿನ ಸೊಳ್ಳೆಗಳ ನಡುವೆ ಬೆಳೆಯುವ ಮಗುವಿಗೆ ಆ ಡೋಸನ್ನೂ ಅದೇ ದಿನ ಕೇಳಿ ಹಾಕಿಸಿ.