ಅಮೆರಿಕದ ಕ್ಯಾಂಪಸ್‌ನಲ್ಲಿ ಗುಂಡಿನ ದಾಳಿಯಾದರೆ: ಓದಲು ಬಂದವರು ತಿಳಿದಿರಬೇಕಾದ್ದು

ಕ್ಯಾಂಪಸ್‌ನಲ್ಲಿ ಜೀವಕ್ಕೆ ಅಪಾಯವಿದೆ ಎಂದು ಖಚಿತವಾದ ಕೂಡಲೇ ಎಲ್ಲರಿಗೂ ತಿಳಿಸುವುದು ಇಲ್ಲಿನ ಕಾಲೇಜುಗಳ ಕಾನೂನುಬದ್ಧ ಹೊಣೆ. ಕ್ಯಾಂಪಸ್ ಸುರಕ್ಷತೆಗೆ ಸಂಬಂಧಿಸಿದ 1990ರ ಕ್ಲೆರಿ ಕಾಯ್ದೆಗೆ ಈ ನಿಯಮ ಸೇರಿದ್ದು 2008ರಲ್ಲಿ, ವರ್ಜಿನಿಯಾ ಟೆಕ್ ವಿಶ್ವವಿದ್ಯಾಲಯದ ಮೇಲಿನ ದಾಳಿಯ ನಂತರ. 2007ರ ಏಪ್ರಿಲ್ 16ರಂದು ಅಲ್ಲಿನ ಹಾಸ್ಟೆಲ್‌ನಲ್ಲಿ ಬೆಳಗ್ಗೆ 7.15ರ ಸುಮಾರಿಗೆ ಇಬ್ಬರ ಮೇಲೆ ಗುಂಡು ಹಾರಿತ್ತು; ವಿದ್ಯಾರ್ಥಿಗಳಿಗೆ ಮೊದಲ ಇಮೇಲ್ ಹೋದದ್ದು 9.26ಕ್ಕೆ. ಅದಾಗಿ ಸ್ವಲ್ಪ ಹೊತ್ತಿಗೆ ತರಗತಿಗಳಿದ್ದ ನಾರಿಸ್ ಹಾಲ್ ಕಟ್ಟಡದಲ್ಲಿ 30 ಮಂದಿ ಪ್ರಾಣ ಕಳೆದುಕೊಂಡರು.

ನಮ್ಮವರು ಎಡವುವುದು ಈ ಎಚ್ಚರಿಕೆ ತಲುಪುವ ಜಾಗದಲ್ಲೇ. ಅರ್ಜಿ ಹಾಕುವಾಗ ಕೊಟ್ಟ ಭಾರತದ ನಂಬರೇ ಕಾಲೇಜಿನ ದಾಖಲೆಯಲ್ಲಿ ಉಳಿದುಬಿಟ್ಟಿದ್ದರೆ ಮೆಸೇಜು ಕೈಯಲ್ಲಿರುವ ಫೋನಿಗೆ ಬರುವುದಿಲ್ಲ. ಇಲ್ಲಿನ ಸಿಮ್ ಹಾಕಿದ ದಿನವೇ ವಿದ್ಯಾರ್ಥಿ ಪೋರ್ಟಲ್‌ನಲ್ಲಿ ನಂಬರ್ ಬದಲಿಸಿ. ತುರ್ತು ಸಂಪರ್ಕಕ್ಕೆ ಮನೆಯವರ ಜೊತೆಗೆ ಅಮೆರಿಕದಲ್ಲೇ ಇರುವ ಒಬ್ಬರ ಹೆಸರನ್ನೂ ಕೊಡಿ.

ಇಲ್ಲಿ ಕಲಿಸುವ ಕ್ರಮ 'ರನ್, ಹೈಡ್, ಫೈಟ್': ಮೊದಲು ಓಡಿ, ಆಗದಿದ್ದರೆ ಅಡಗಿ, ಬೇರೆ ದಾರಿಯಿಲ್ಲದಾಗ ಎದುರಿಸಿ. ದಾರಿ ತೆರೆದಿದ್ದರೆ ಬ್ಯಾಗು, ಲ್ಯಾಪ್‌ಟಾಪ್ ಬಿಟ್ಟು ಓಡಿ. ಜೊತೆಯವರು ಅನುಮಾನಿಸುತ್ತ ನಿಂತರೆ ಅವರಿಗಾಗಿ ಕಾಯಬೇಡಿ. ಇದು ಕಷ್ಟದ ಮಾತು, ಆದರೂ ಹೇಳಲೇಬೇಕು. ಫೈರ್ ಅಲಾರಂ ಎಳೆಯಬೇಡಿ, ಒಳಗೆ ಸುರಕ್ಷಿತವಾಗಿದ್ದವರೂ ಕಾರಿಡಾರಿಗೆ ಬಂದುಬಿಡುತ್ತಾರೆ.

ಓಡಲಾಗದಿದ್ದರೆ ಬಾಗಿಲೇ ಎಲ್ಲ. ನಾರಿಸ್ ಹಾಲ್‌ನ 205ನೇ ಕೋಣೆಯ ವಿದ್ಯಾರ್ಥಿಗಳು ದೊಡ್ಡ ಮೇಜನ್ನು ಬಾಗಿಲಿಗೆ ಒತ್ತಿ ಹಿಡಿದು ನೆಲಕ್ಕೆ ಮಲಗಿದರು. ಹಂತಕ ಬಾಗಿಲ ಮೂಲಕವೇ ಗುಂಡು ಹಾರಿಸಿದರೂ ಒಳಗೆ ಬರಲಾಗಲಿಲ್ಲ, ಆ ಕೋಣೆಯಲ್ಲಿ ಯಾರಿಗೂ ಗುಂಡು ತಾಗಲಿಲ್ಲ. ಆದರೆ ಬಾಗಿಲು ಕಾರಿಡಾರಿನ ಕಡೆಗೆ ತೆರೆಯುವಂಥದ್ದಾದರೆ ಮೇಜು ಅದನ್ನು ತಡೆಯದು, ಬರುವವನಿಗೆ ಅಡ್ಡವಾಗುತ್ತದೆ ಅಷ್ಟೆ. ಆಗ ಬಾಗಿಲ ಮೇಲ್ಭಾಗದಲ್ಲಿರುವ, ಅದನ್ನು ತಾನಾಗಿ ಮುಚ್ಚಿಸುವ ಕ್ಲೋಸರ್‌ನ ಎರಡು ಕೈಗಳನ್ನು ಬೆಲ್ಟಿನಿಂದ ಬಿಗಿಯಾಗಿ ಸುತ್ತಿ, ಹಿಡಿಯನ್ನು ಒಳಕ್ಕೆ ಎಳೆದು ಕಟ್ಟಿ. ನಿಮ್ಮ ತರಗತಿಯ ಬಾಗಿಲು ಯಾವ ಕಡೆ ತೆರೆಯುತ್ತದೆ, ಒಳಗಿನಿಂದ ಲಾಕ್ ಆಗುತ್ತದೆಯೇ ಎಂದು ಮೊದಲ ವಾರದಲ್ಲೇ ನೋಡಿಟ್ಟುಕೊಳ್ಳಿ.

ದೀಪ ಆರಿಸಿ. ಫೋನಿನ ವೈಬ್ರೇಶನ್ ಕೂಡ ಬೇಡ. ಬಾಗಿಲ ಗಾಜಿನಿಂದ ಕಾಣದ ಗೋಡೆಯ ಬದಿಗೆ, ಒಂದೇ ಗುಂಪಾಗದೆ, ತಗ್ಗಿ ಕೂರಿ. ಕೋಣೆಗಳ ನಡುವಿನ ಜಿಪ್ಸಮ್ ಹಲಗೆಯ ಗೋಡೆ ಗುಂಡು ತಡೆಯುವುದಿಲ್ಲ. ಇಟ್ಟಿಗೆ, ಕಾಂಕ್ರೀಟು ಇದ್ದರೆ ಅದರ ಮರೆ ಹಿಡಿಯಿರಿ. ಒಳಗೆ ನುಗ್ಗಿಯೇಬಿಟ್ಟರೆ ಫೈರ್ ಎಕ್ಸ್‌ಟಿಂಗ್ವಿಷರ್, ಕುರ್ಚಿ, ಕೈಗೆ ಸಿಕ್ಕಿದ್ದರಿಂದ ಎಲ್ಲರೂ ಒಟ್ಟಾಗಿ ಮೇಲೆ ಬೀಳಬೇಕು.

ಮಾತಾಡಲಾಗದಿದ್ದರೆ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಮೆಸೇಜು ಕಳಿಸಿ: ಮೊದಲು ಕಟ್ಟಡದ ಹೆಸರು, ಕೋಣೆಯ ಸಂಖ್ಯೆ, ಆಮೇಲೆ ಉಳಿದದ್ದು. ಈ ಸೌಲಭ್ಯ ಎಲ್ಲ ಊರಿನಲ್ಲೂ ಇಲ್ಲ. ಇಲ್ಲದಿದ್ದರೆ ಹಾಗೆಂದು ಉತ್ತರ ಬರುತ್ತದೆ. ಆಗ ಕರೆ ಮಾಡಿ ಲೈನ್ ತೆರೆದಿಡಿ.

ಮೊದಲು ಬರುವ ಪೊಲೀಸರು ಗಾಯಾಳುಗಳಿಗಾಗಿ ನಿಲ್ಲುವುದಿಲ್ಲ, ನೇರ ದಾಳಿಕೋರನತ್ತ ಹೋಗುತ್ತಾರೆ. ಅವರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ಫೋನು ಕೆಳಗಿಟ್ಟು, ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ ತೋರಿಸಿ. ಅವರತ್ತ ಓಡುವುದು, ತೋಳು ಹಿಡಿಯುವುದು ಖಂಡಿತ ಬೇಡ. ಹೊರಗಿನಿಂದ 'ಪೊಲೀಸ್' ಎಂದು ಕೂಗಿದ ಮಾತ್ರಕ್ಕೆ ಬಾಗಿಲು ತೆರೆಯಬೇಡಿ. ಸಾಧ್ಯವಾದರೆ 911ರವರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ವೈದ್ಯಕೀಯ ನೆರವು ಬರುವ ತನಕ ಗಾಯಾಳುಗಳ ರಕ್ತ ನಿಲ್ಲಿಸುವ ಕೆಲಸ ನಿಮ್ಮದೇ. ಗಾಯದ ಮೇಲೆ ಬಟ್ಟೆಯಿಟ್ಟು ಪೂರ್ತಿ ಭಾರ ಹಾಕಿ ಒತ್ತಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ, ಟೂರ್ನಿಕೆಟ್ (ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ) ಇದ್ದಲ್ಲಿ, ಅದನ್ನು ಗಾಯಕ್ಕಿಂತ 2–3 ಇಂಚು ಮೇಲೆ, ಕೀಲು ತಪ್ಪಿಸಿ ಕಟ್ಟಿ, ರಕ್ತ ನಿಲ್ಲುವವರೆಗೂ ಅದರ ಕಡ್ಡಿಯನ್ನು ತಿರುಗಿಸಿ. ತುಂಬ ನೋಯುತ್ತದೆ, ಸಡಿಲಿಸಬೇಡಿ. ಕಟ್ಟಿದ ಸಮಯ ಬರೆದಿಡಿ.

ಇನ್ಶೂರೆನ್ಸ್ ಕಾರ್ಡ್ ಕೈಯಲ್ಲಿಲ್ಲವೆಂದು ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. 1986ರ ಕೇಂದ್ರ ಕಾನೂನಿನಂತೆ ತುರ್ತು ವಿಭಾಗದವರು ದುಡ್ಡು, ವೀಸಾ ನೋಡದೆ ಮೊದಲ ಚಿಕಿತ್ಸೆ ಕೊಡಲೇಬೇಕು. ಬಿಲ್ಲು ಮಾತ್ರ ಆಮೇಲೆ ಬರುತ್ತದೆ. ಪ್ರತಿ ರಾಜ್ಯದಲ್ಲೂ ಅಪರಾಧದ ಸಂತ್ರಸ್ತರಿಗೆ ಪರಿಹಾರ ನಿಧಿಯಿದೆ, ಅರ್ಜಿಯ ಗಡುವು ರಾಜ್ಯಕ್ಕೊಂದು. ಅದಕ್ಕಾಗಿ ಪೊಲೀಸ್ ವರದಿಯ ಸಂಖ್ಯೆ, ಆಸ್ಪತ್ರೆಯ ಎಲ್ಲ ರಸೀದಿಗಳನ್ನು ಜೋಪಾನವಾಗಿಡಿ.