ಹದಿನೇಳರ ಮಗ್ಗಿ ಹೇಳುತ್ತಾ ಮ್ಯಾರಥಾನ್ ಓಡಿದ್ದು

ಈ ಬಾರಿಯ ಮ್ಯಾರಥಾನನ್ನು 3 ಗಂಟೆ 54 ನಿಮಿಷದಲ್ಲಿ ಮುಗಿಸಿದೆ. ನನಗೀಗ 47. ಜಯನಗರದ ನಮ್ಮ ಓಟದ ಗುಂಪಿನಲ್ಲಿ ನನ್ನ ವಯಸ್ಸಿನ ಯಾರೂ ಇದುವರೆಗೆ ನಾಲ್ಕು ಗಂಟೆಯೊಳಗೆ ಬಂದಿರಲಿಲ್ಲ. ನಿಧಾನವಾಗಿ ಓಡಿಯೇ ವೇಗ ಗಳಿಸುತ್ತೇನೆ ಎಂದು ಹೊರಟಾಗ ‘ಇದು ಓಟವಲ್ಲ, ವಾಯುವಿಹಾರ’ ಎಂದಿದ್ದವರೇ ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಮೊದಲ ಮ್ಯಾರಥಾನಿಗೆ 4 ಗಂಟೆ 48 ನಿಮಿಷ, ಎರಡನೆಯದಕ್ಕೆ 4 ಗಂಟೆ 31 ನಿಮಿಷ. ಮೂರನೆಯದರಲ್ಲಿ 34ನೇ ಕಿಲೋಮೀಟರಿಗೆ ಕಾಲು ಸೆಟೆದುಕೊಂಡು ರಸ್ತೆಬದಿಯಲ್ಲಿ ಕುಳಿತೆ. ಆ ಎರಡು ವರ್ಷ ಪ್ರತಿದಿನವೂ ಸ್ಪರ್ಧೆಯೇ ಎಂಬಂತೆ ಓಡಿದ್ದೆ. ವೇಗಕ್ಕೆಂದು ಅಟ್ಟೆಯೊಳಗೆ ಕಾರ್ಬನ್ ತಟ್ಟೆ ಇಟ್ಟ ಶೂ ಮೂರು ಜೊತೆ, ಸುಮಾರು 50 ಸಾವಿರ. ಗಡಿಯಾರಕ್ಕೆ 28 ಸಾವಿರ. ತಿಂಗಳಿಗೆ 4 ಸಾವಿರದಂತೆ ಐದು ತಿಂಗಳು ತರಬೇತಿ ಯೋಜನೆ ಕೊಂಡೆ. ಫಿಸಿಯೋಥೆರಪಿಗೆ 20 ಸಾವಿರದ ಮೇಲೆ. ಎಲ್ಲ ಸೇರಿ ಒಂದೂಕಾಲು ಲಕ್ಷ ಹತ್ತಿರ ಹೋಯಿತು. ಮಗಳ ಕಾಲೇಜು ಶುಲ್ಕ ಕಟ್ಟುವ ವರ್ಷದಲ್ಲಿ ಅದು ಸಣ್ಣ ಮೊತ್ತವಲ್ಲ.

ಆದರೆ ಹಣಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮೀನಖಂಡದಲ್ಲಿ ನೋವು ಶುರುವಾದಾಗ ನನ್ನ ಕಣ್ಣ ಮುಂದೆ ಇದ್ದದ್ದು 2002ರ ಆ್ಯಂಟಿಗಾ ಟೆಸ್ಟ್. ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ವೆಸ್ಟ್ ಇಂಡೀಸಿನ ಬ್ರಯಾನ್ ಲಾರಾನನ್ನು ಔಟ್ ಮಾಡಿದ ಆ ದೃಶ್ಯ. ನಮ್ಮೂರಿನವನೇ ಅಷ್ಟು ಮಾಡಿರುವಾಗ ನಾನು ಒಂದು ಮೀನಖಂಡಕ್ಕೆ ಹೆದರುವುದೇ ಎಂದು ಮೂರು ವಾರ ನೋವಿನಲ್ಲೇ ಓಡಿದೆ. ಎರಡೂವರೆ ತಿಂಗಳು ಮನೆಯಲ್ಲಿ ಕುಳಿತೆ. ಕುಳಿತಾಗಲೇ ಆ ಕತೆಯ ಉಳಿದರ್ಧ ಹೊಳೆದದ್ದು. ಕುಂಬ್ಳೆ ಬೌಲ್ ಮಾಡಿದ್ದು ಆ ಒಂದು ಸರದಿ ಮಾತ್ರ. ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹಿಂದಿರುಗಿದ. ಬದ್ಧತೆ ಎಂದರೆ ನೋವು ನುಂಗುವುದು ಎಂದುಕೊಂಡಿದ್ದೆ, ಅಲ್ಲೇ ಎಡವಿದ್ದೆ.

ಹೊಸದಾಗಿ ಆರಂಭಿಸಿದಾಗ ಇಟ್ಟುಕೊಂಡ ನಿಯಮ ಒಂದೇ: ಎದೆಬಡಿತ ನಿಮಿಷಕ್ಕೆ 138 ದಾಟಬಾರದು. ಮಣಿಕಟ್ಟಿನ ಗಡಿಯಾರ ಚಳಿಯ ಬೆಳಗಿನಲ್ಲಿ ಏನೇನೋ ತೋರಿಸುತ್ತದೆ, ಅದನ್ನು ನಂಬಬೇಡಿ. ಎದೆಗೆ ಕಟ್ಟಿಕೊಂಡು ಬಡಿತ ಅಳೆಯುವ ಎದೆಪಟ್ಟಿ ಐದು ಸಾವಿರದೊಳಗೆ ಬರುತ್ತದೆ, ನಾನು ಈ ಬಾರಿ ಮಾಡಿದ ಒಳ್ಳೆಯ ಖರ್ಚು ಅದೊಂದೇ. ಪಟ್ಟಿ ಇಲ್ಲದ ದಿನ ಹದಿನೇಳರ ಮಗ್ಗಿ. ಓಡುತ್ತಾ ಗಟ್ಟಿಯಾಗಿ ಹೇಳಬೇಕು. ‘ಹದಿನೇಳೆಂಟ್ಲೆ ನೂರ ಮೂವತ್ತಾರು’ ಎಂಬಲ್ಲಿ ಉಸಿರು ತುಂಡಾದರೆ ವೇಗ ಹೆಚ್ಚಾಗಿದೆ ಎಂದರ್ಥ. ಹತ್ತರವರೆಗೂ ಸಲೀಸಾಗಿ ಹೋದರೆ ಸರಿ. ಎರಡರ ಮಗ್ಗಿ ಕೆಲಸಕ್ಕೆ ಬಾರದು, ನಾಲಿಗೆ ತಾನಾಗಿ ಹೇಳಿಬಿಡುತ್ತದೆ.

ಮೊದಲ ದಿನಗಳಲ್ಲಿ 138 ಎಂದರೆ ಕಿಲೋಮೀಟರಿಗೆ 8 ನಿಮಿಷ 20 ಸೆಕೆಂಡ್. ಲಾಲ್‌ಬಾಗ್‌ನ ಬಂಡೆಯ ಏರು ಬಂದರೆ ಅದೂ ಇಲ್ಲ, ನಡೆಯಬೇಕು. ಒಂದು ಬೆಳಿಗ್ಗೆ ಮಂಕಿ ಟೋಪಿ, ಸ್ವೆಟರ್ ಹಾಕಿದ ಎಪ್ಪತ್ತರ ಹಿರಿಯರೊಬ್ಬರು ಕೈಯಲ್ಲಿ ಛತ್ರಿ ಹಿಡಿದು ನನ್ನನ್ನು ದಾಟಿ ಕೆಂಪೇಗೌಡ ಗೋಪುರದ ಹತ್ತಿರ ನಿಂತು, ‘ಹುಷಾರಿಲ್ಲವೇನಪ್ಪಾ?’ ಎಂದು ಕೇಳಿದರು. ಗುಂಪಿನವರು ಸುತ್ತು ಮುಗಿಸಿ ಕಾಫಿ ಕುಡಿಯುವಾಗ ನಾನಿನ್ನೂ ಕೆರೆಯ ಪಕ್ಕದಲ್ಲಿರುತ್ತಿದ್ದೆ.

ಮೂರನೇ ತಿಂಗಳು ಕಠಿಣವಾಗಿತ್ತು. ಎದೆಬಡಿತ ಅದೇ, ವೇಗ ಎಂಟು ನಿಮಿಷ. ಪರೀಕ್ಷೆಗೆಂದು ಓಡಿದ ಹತ್ತು ಕಿಲೋಮೀಟರಿಗೆ ಹಿಂದಿನ 58 ನಿಮಿಷದ ಬದಲು 61 ಹಿಡಿಯಿತು. ಆ ರಾತ್ರಿ ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದೆ. ಆಗ ಕೈಹಿಡಿದದ್ದು 2001ರ ಕೋಲ್ಕತ್ತ ಟೆಸ್ಟ್, ಸೋಲಿನ ಅಂಚಿನಿಂದ ಎದ್ದು ಭಾರತ ಆಸ್ಟ್ರೇಲಿಯಾವನ್ನು ಸೋಲಿಸಿದ್ದು. ಎಲ್ಲರೂ ಲಕ್ಷ್ಮಣ್ 281 ಎನ್ನುತ್ತಾರೆ. ನಾನು ನೋಡುವುದು ದ್ರಾವಿಡ್ ಕಡೆಗೆ. ಫಾಲೋ ಆನ್ ಆಗಿ ಭಾರತ ಮತ್ತೆ ಬ್ಯಾಟಿಂಗಿಗೆ ಇಳಿಯಬೇಕಾದಾಗ ಮೂರನೇ ಕ್ರಮಾಂಕ ಲಕ್ಷ್ಮಣ್‌ಗೆ ಹೋಯಿತು, ದ್ರಾವಿಡ್ ಆರಕ್ಕೆ ಇಳಿದ. ತನ್ನ ಜಾಗ ಕೈತಪ್ಪಿದ ಮೇಲೂ 180 ಹೊಡೆದ. ನಾಲ್ಕನೇ ದಿನವಿಡೀ ಒಂದು ವಿಕೆಟ್ಟೂ ಬೀಳಲಿಲ್ಲ, 335 ರನ್ ಬಂದವು. ಆ ಬೆಳಿಗ್ಗೆ ಗೆಲ್ಲುತ್ತೇವೆ ಎನ್ನಲು ಅವರ ಮುಂದೆ ಯಾವ ಪುರಾವೆ ಇತ್ತು? ಪುರಾವೆ ಬಂದ ಮೇಲೆ ನಂಬಲು ಯಾರಿಗೂ ಕಷ್ಟವಿಲ್ಲ. ಮರುದಿನ ಆರಕ್ಕೆ ಲಾಲ್‌ಬಾಗ್ ಗೇಟಿನಲ್ಲಿದ್ದೆ.

ಅಂದಿನಿಂದ ದೂರ, ವೇಗ ಬರೆದಿಡುವುದನ್ನು ನಿಲ್ಲಿಸಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೆ ಒಂದು ಗೆರೆ, ಅಷ್ಟೆ. ಎಂಟು ತಿಂಗಳಲ್ಲಿ ಸುಮಾರು 170 ಗೆರೆ ಬಿದ್ದವು. ಐದನೇ ತಿಂಗಳಿಂದ ದೇಹ ತಿರುಗಿತು. ಅದೇ 138ಕ್ಕೆ ವೇಗ ಏಳೂಕಾಲು, ಆಮೇಲೆ ಆರೂವರೆ ನಿಮಿಷದ ಆಸುಪಾಸು. ವಾರಕ್ಕೆ 55ರಿಂದ 70 ಕಿಲೋಮೀಟರ್ ಓಡಿದರೂ ಮೀನಖಂಡ ಸದ್ದೆತ್ತಲಿಲ್ಲ. ಕೊನೆಯ ಆರು ವಾರ ಮಾತ್ರ ವೇಗದ ಓಟ ಸೇರಿಸಿದೆ, ವಾರಕ್ಕೊಮ್ಮೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬರಿಗಾಲಿನ ಓಟ ಮೂರು ವಾರಕ್ಕೆ ಮುಗಿಯಿತು, ಹಿಮ್ಮಡಿ ಬಿರಿದು ಕೂತಿತು. ಓಟಕ್ಕೆ ಎರಡು ಗಂಟೆ ಮುಂಚೆ ಬೆಲ್ಲ, ಉಪ್ಪು ಹಾಕಿದ ರಾಗಿ ಅಂಬಲಿ ಚೆನ್ನಾಗಿ ಹೊಂದಿತು. ಮಜ್ಜಿಗೆ ಬೆರೆಸಿದ ದಿನ ಮಾತ್ರ ಹೊಟ್ಟೆ ಕುಲುಕಿತು. ಓಡುವಾಗ ಶಕ್ತಿಗೆಂದು ನುಂಗುವ, ಒಂದಕ್ಕೆ ನೂರೈವತ್ತರ ಸಿಹಿ ಜೆಲ್ ಆರು ತಿನ್ನುವ ಬದಲು, ಬೀಜ ತೆಗೆದ ಖರ್ಜೂರಕ್ಕೆ ಕಲ್ಲುಪ್ಪು ಒತ್ತಿ ಸೊಂಟದ ಚೀಲದಲ್ಲಿಟ್ಟುಕೊಂಡೆ. ಖರ್ಚು ನಲವತ್ತು ರೂಪಾಯಿ. ಯಾವ ಕಿಲೋಮೀಟರಿನಲ್ಲಿ ಎಷ್ಟು ತಿಂದೆ, ಕೊನೆಯ ಹತ್ತು ದಿನ ಏನು ಮಾಡಿದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ತೆತ್ತ ಬೆಲೆ ಹೆಚ್ಚು.

ಸ್ಪರ್ಧೆಯ ದಿನ ಅರ್ಧ ದೂರದವರೆಗೆ ಗುಂಪಿನ ನಾಲ್ವರು ನನಗಿಂತ ಮುಂದಿದ್ದರು. 31ರಲ್ಲಿ ಮೊದಲನೆಯವರು ಸಿಕ್ಕರು, 36ರ ಹೊತ್ತಿಗೆ ಮೂವರನ್ನು ದಾಟಿದ್ದೆ. ಕಳೆದ ಬಾರಿ ಕುಳಿತ 34ನೇ ಕಿಲೋಮೀಟರಿನಲ್ಲಿ ಮಗ್ಗಿ ಶುರು ಮಾಡಿದೆ. ಪಕ್ಕದಲ್ಲಿ ಓಡುತ್ತಿದ್ದ ಕಾಲೇಜು ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ, ಆಮೇಲೆ ತಾನೂ ದನಿಗೂಡಿಸಿದ. ಹದಿನೇಳಾರ್ಲೆ ನೂರ ಎರಡು ಎಂಬಲ್ಲಿ ಅವನ ಉಸಿರು ತುಂಡಾಯಿತು. ನನ್ನದು ಹತ್ತರವರೆಗೂ ಹೋಯಿತು.